ಜ್ವರ-ಕೆಮ್ಮಿನ ರೋಗಿಗಳ ಕಿಡ್ನಿ ಸ್ಟಡಿ: ಕಾಸರಗೋಡಿನಲ್ಲಿ ಹೀಗೆ ಶುರು ಮಾಡಿ

ಕೋವಿಡ್ ಅಥವಾ ಫ್ಲೂ ಬಂದು ಅಡ್ಮಿಟ್ ಆದವರ ಕಿಡ್ನಿಗೆ ಎಷ್ಟು ಪೆಟ್ಟು ಬಿದ್ದಿದೆ ಅಂತ ಸ್ಟಡಿ ಮಾಡ್ತೀರಾ? ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕ ಮೇಲೆ ಮೊದಲು ಕಾಯಿಲೆಗೆ ಮುಂಚಿನ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ) ರಿಪೋರ್ಟ್ ಹುಡುಕಿ, ಹೋಲಿಸಲು ಬೇಕು. ನಮ್ಮಲ್ಲಿ ಇದೇ ದೊಡ್ಡ ತಲೆನೋವು. ಮಂಜೇಶ್ವರ, ಉಪ್ಪಳ ಕಡೆಯವರು ಮದ್ದಿಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರು, ಹಾಗಾಗಿ ಹಳೆ ರಿಪೋರ್ಟ್ ಅಲ್ಲಿಯ ಯಾವುದೋ ಲ್ಯಾಬಿನಲ್ಲೋ ಮನೆಯ ಕಪಾಟಿನಲ್ಲಿರುವ ಪ್ಲಾಸ್ಟಿಕ್ ತೊಟ್ಟೆಯಲ್ಲೋ ಇರುತ್ತದೆ. ಮನೆಯವರಿಗೆ ಆ ತೊಟ್ಟೆಯನ್ನೇ ತರಲು ಹೇಳಿ.

ಅಳೆಯಲು ಕೆಡಿಗೊ (KDIGO, ಕಿಡ್ನಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ) 2012ರಲ್ಲಿ ಕೊಟ್ಟ ನಿಯಮ ಸಾಕು. ಡೆಸಿಲೀಟರಿಗೆ 0.3 ಮಿಲಿಗ್ರಾಂನಷ್ಟು ಕ್ರಿಯಾಟಿನಿನ್ 48 ಗಂಟೆಯೊಳಗೆ ಏರಿದರೆ, ಅಥವಾ 7 ದಿನದೊಳಗೆ ಮೊದಲಿನ ಒಂದೂವರೆ ಪಟ್ಟಾದರೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ. ಮೂತ್ರವನ್ನೂ ನೋಡಬೇಕು: 60 ಕೆಜಿ ತೂಕದವರಿಗೆ 6 ಗಂಟೆಯಲ್ಲಿ 180 ಎಂಎಲ್‌ಗಿಂತ ಕಡಿಮೆ ಆದರೆ ಅದೂ ಸೇರುತ್ತದೆ. ಕ್ಯಾತಿಟರ್ (ಮೂತ್ರದ ಟ್ಯೂಬ್) ಇಲ್ಲದವರ ಮೂತ್ರದ ಲೆಕ್ಕವನ್ನು ಸರಿಯಾಗಿ ಬರೆದಿಡುವವರು ಕಡಿಮೆ ಅಲ್ವಾ, ನರ್ಸ್‌ಗಳ ಜೊತೆ ಮೊದಲೇ ಮಾತಾಡಿ.

ಸುಮ್ನೆ ಎಲ್ಲವನ್ನೂ ವೈರಸ್ ತಲೆಗೆ ಕಟ್ಟಬೇಡಿ. ಶುಗರ್, ಬಿಪಿ, ವಾಂತಿ-ಭೇದಿ, ಜ್ವರಕ್ಕೆ ಅಂಗಡಿಯಿಂದ ತಂದು ನುಂಗಿದ ಐಬುಪ್ರೊಫೇನ್‌ನಂಥ ಮಾತ್ರೆ, ಆಸ್ಪತ್ರೆಯಲ್ಲಿ ಕೊಟ್ಟ ಆಂಟಿಬಯೋಟಿಕ್, ವೆಂಟಿಲೇಟರ್ ಎಲ್ಲಕ್ಕೂ ಫಾರಂನಲ್ಲಿ ಜಾಗ ಇರಲಿ. ಡಿಸ್ಚಾರ್ಜ್ ಆದ 3 ತಿಂಗಳಿಗೆ ಮತ್ತೆ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿ. ಫೋನ್ ನಂಬರ್ ಎರಡು ತಗೊಳ್ಳಿ, ಒಂದು ಮಗನದ್ದೋ ಮಗಳದ್ದೋ.