ದವಾಖಾನೆಯ ಗಲ್ಲಾ, ಕಿರ್ದಿ ಮತ್ತು ಬ್ಯಾಂಕು: ದಿನದ ಲೆಕ್ಕ ಇಡುವ ಕ್ರಮ

ಜಮಖಂಡಿ, ಮುಧೋಳ, ಇಳಕಲ್ಲಿನಂತಹ ಊರುಗಳಲ್ಲಿ ಒಬ್ಬಿಬ್ಬರು ವೈದ್ಯರು ನಡೆಸುವ ದವಾಖಾನೆಗಳಿಗೆ ಲೆಕ್ಕಕ್ಕೆಂದೇ ಬೇರೆ ಗುಮಾಸ್ತರು ಇರುವುದು ಅಪರೂಪ. ಕೇಸ್ ಪೇಪರ್ ಮಾಡುವವರು, ಫೋನ್ ಎತ್ತುವವರು, ಫೀ ತೆಗೆದುಕೊಳ್ಳುವವರು, ಬ್ಯಾಂಕಿಗೆ ಹೋಗಿಬರುವವರು ಎಲ್ಲ ಒಬ್ಬರೇ ಆಗಿರುತ್ತಾರೆ. ಈ ಬರಹ ಅವರಿಗಾಗಿ, ಮತ್ತು ಅವರ ಮೇಲೆ ಭರವಸೆಯಿಟ್ಟು ಒಳಗಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿರುವ ವೈದ್ಯರಿಗಾಗಿ.

ಮೊದಲು ಒಂದು ನಿಯಮವನ್ನು ಒಪ್ಪಿಕೊಳ್ಳಬೇಕು. ರೋಗಿಗಳಿಂದ ಬಂದ ಹಣವನ್ನು ಮುರಿಯದೆ ಇಡಿಯಾಗಿ ಬ್ಯಾಂಕಿಗೆ ಕಟ್ಟಬೇಕು; ದವಾಖಾನೆಯ ಸಣ್ಣಪುಟ್ಟ ಖರ್ಚು ಬೇರೊಂದು ಪೆಟ್ಟಿಗೆಯಿಂದ ನಡೆಯಬೇಕು. ದಿನದ ಗಳಿಕೆ 10,000 ರೂಪಾಯಿ ಇದ್ದು, ಅದರಲ್ಲೇ ನೀರಿನ ಕ್ಯಾನಿಗೆ, ಚಹಾಕ್ಕೆ, ಝೆರಾಕ್ಸಿಗೆ 700 ರೂಪಾಯಿ ತೆಗೆದು ಉಳಿದ 9,300 ರೂಪಾಯಿಯನ್ನು ಕಟ್ಟಿದರೆ, ಪಾವತಿ ಪುಸ್ತಕ (ಹಣ ಪಡೆದದ್ದಕ್ಕೆ ಕೊಡುವ ರಶೀದಿಯ ಪುಸ್ತಕ) ಒಂದು ಹೇಳುತ್ತದೆ, ಪಾಸ್‌ಬುಕ್ ಇನ್ನೊಂದು ಹೇಳುತ್ತದೆ. ಆ ದಿನ ಎಲ್ಲರಿಗೂ ಕಾರಣ ಗೊತ್ತಿರುತ್ತದೆ, ಮೂರು ತಿಂಗಳಾದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಒಂದು ನಿಯಮ ನಡೆದಾಗ ಮಾತ್ರ ಉಪಯೋಗಕ್ಕೆ ಬರುತ್ತವೆ.

ಬೆಳಗಿನ ಚಿಲ್ಲರೆ ಮತ್ತು ಪಾವತಿ

ಗಲ್ಲಾದಲ್ಲಿ ಪ್ರತಿದಿನ ಒಂದೇ ಮೊತ್ತದ ಚಿಲ್ಲರೆ ಇರಲಿ. 2,000 ರೂಪಾಯಿ ಎಂದುಕೊಳ್ಳೋಣ. ಬಾಗಿಲು ತೆರೆದ ಕೂಡಲೇ ಅದನ್ನು ಎಣಿಸಿ, ಕಿರ್ದಿಯ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕದ, ಆ ದಿನದ ಪುಟದ ಮೇಲ್ಭಾಗದಲ್ಲಿ ಬರೆದು ಸಹಿ ಹಾಕಬೇಕು. ಇದು ಆದಾಯವಲ್ಲ, ಸಂಜೆ ಮತ್ತೆ ಅದೇ ಜಾಗಕ್ಕೆ ಮರಳಬೇಕಾದ ಹಣ.

ಪಾವತಿ ಪುಸ್ತಕಕ್ಕೆ ಅಚ್ಚಾದ ಕ್ರಮಸಂಖ್ಯೆ ಇರಬೇಕು ಮತ್ತು ಕಾರ್ಬನ್ ಪ್ರತಿ ಉಳಿಯಬೇಕು. 1962ರ ಆದಾಯ ತೆರಿಗೆ ನಿಯಮಗಳ 6ಎಫ್ ನಿಯಮವು 25 ರೂಪಾಯಿ ಮೀರಿದ ಪ್ರತಿ ಪಾವತಿಯ ಪ್ರತಿಯನ್ನು ಇಡಬೇಕೆಂದು ವೈದ್ಯರಿಗೆ ಹೇಳಿತ್ತು. ಇಂದಿನ ಫೀ ನೋಡಿದರೆ ಪ್ರತಿ ರೋಗಿಗೂ ಪಾವತಿ ಕೊಡಬೇಕೆಂದೇ ಅದರ ಅರ್ಥ. ತಪ್ಪಾದ ಪಾವತಿಯನ್ನು ಹರಿದು ಎಸೆಯಬಾರದು. ಎರಡೂ ಪ್ರತಿಗಳ ಮೇಲೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದು ಪುಸ್ತಕದಲ್ಲೇ ಬಿಡಬೇಕು. ನಡುವೆ ಒಂದು ಸಂಖ್ಯೆ ಕಾಣೆಯಾಗಿದ್ದರೆ ಅದು ಬೆರಳ ತಪ್ಪೋ ಕೈಚಳಕವೋ ಎಂದು ಹೊರಗಿನವರಿಗೆ ತಿಳಿಯಲು ದಾರಿಯೇ ಇರುವುದಿಲ್ಲ. 5,000 ರೂಪಾಯಿ ಮೀರಿದ ಪಾವತಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸುವುದನ್ನು ಮರೆಯಬಾರದು.

ಅದೇ ನಿಯಮದಲ್ಲಿ ವೈದ್ಯರಿಗೆಂದು 3ಸಿ ನಮೂನೆಯ ದಿನವಹಿ ಪುಸ್ತಕವೊಂದನ್ನು ಹೇಳಲಾಗಿತ್ತು. ತಾರೀಖು, ಕ್ರಮಸಂಖ್ಯೆ, ರೋಗಿಯ ಹೆಸರು, ಕೊಟ್ಟ ಸೇವೆಯ ಬಗೆ, ಪಡೆದ ಫೀ, ಪಡೆದ ದಿನ ಇವಿಷ್ಟೇ ಅದರ ಕಾಲಂಗಳು. ಸೇವೆಯ ಬಗೆ ಎಂದರೆ ತಪಾಸಣೆ, ಇಂಜೆಕ್ಷನ್, ಶಸ್ತ್ರಚಿಕಿತ್ಸೆ, ಮನೆ ಭೇಟಿ ಎಂದು ಬರೆದರೆ ಸಾಕು. ರೋಗದ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಪುಸ್ತಕ ಲೆಕ್ಕ ಬರೆಯುವವರ ಅಂಗಡಿಗೆ ಹೋಗುತ್ತದೆ, ಅಲ್ಲಿ ಹತ್ತು ಜನರ ಕಣ್ಣಿಗೆ ಬೀಳುತ್ತದೆ, ಸಣ್ಣ ಊರಿನಲ್ಲಿ ಆ ಹತ್ತು ಜನರಿಗೂ ರೋಗಿಯ ಪರಿಚಯ ಇರುತ್ತದೆ.

ದವಾಖಾನೆಗೆ ಹೊಂದಿಕೊಂಡು ಮೆಡಿಕಲ್ ಶಾಪ್ ಇದ್ದರೆ ಅದರ ಬಿಲ್ಲು, ಗಲ್ಲಾ, ಕಿರ್ದಿ ಎಲ್ಲವೂ ಬೇರೆಯಾಗಿರಬೇಕು. ವೈದ್ಯಕೀಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಹೊರರೋಗಿಗೆ ಮಾರುವ ಔಷಧಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಎರಡನ್ನೂ ಒಂದೇ ಪಾವತಿಯಲ್ಲಿ ಕಲಸಿದರೆ ವರ್ಷದ ಕೊನೆಯಲ್ಲಿ ಬಿಡಿಸುವುದು ಕಷ್ಟ.

ಫೋನಿನಿಂದ ಬರುವ ಹಣ

ಕ್ಯೂಆರ್ ಕೋಡ್ ದವಾಖಾನೆಯ ಚಾಲ್ತಿ ಖಾತೆಗೆ ಸೇರಿದ್ದಾಗಿರಬೇಕು. ಕೌಂಟರಿನಲ್ಲಿ ಕೂತವರ ಸ್ವಂತ ನಂಬರಿಗೆ 'ಸದ್ಯಕ್ಕೆ ಇದಕ್ಕೆ ಹಾಕ್ರಿ' ಎನ್ನುವುದು ಒಂದು ದಿನದ ಮಟ್ಟಿಗೂ ಸಲ್ಲದು. ಹಣ ಬಂತೇ ಎಂಬುದನ್ನು ರೋಗಿಯ ಫೋನಿನ ಪರದೆಯಲ್ಲಿ ನೋಡಿ ನಂಬಬಾರದು, ಸೌಂಡ್‌ಬಾಕ್ಸ್ ಕೂಗಿದ್ದನ್ನು ಅಥವಾ ದವಾಖಾನೆಯ ಆ್ಯಪಿನಲ್ಲಿ ಕಂಡದ್ದನ್ನು ಮಾತ್ರ ನಂಬಬೇಕು. ಪ್ರತಿ ಯುಪಿಐ ವ್ಯವಹಾರಕ್ಕೆ 12 ಅಂಕಿಗಳ ಸಂಖ್ಯೆ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿಗಳನ್ನು ಪಾವತಿಯ ಮೇಲೆ ಬರೆದಿಟ್ಟರೆ ಮುಂದೆ ಹುಡುಕುವುದು ಸುಲಭ. ರೋಗಿಯ ಖಾತೆಯಿಂದ ಕಡಿತವಾಗಿ ನಮ್ಮಲ್ಲಿಗೆ ಬಾರದಿದ್ದರೆ, ಅಂಗಡಿ ಖಾತೆಗೆ ಕಳಿಸಿದ ಹಣದ ವಿಷಯದಲ್ಲಿ ಐದು ದಿನಗಳೊಳಗೆ ತಾನಾಗಿಯೇ ಹಿಂತಿರುಗಿಸಬೇಕೆಂದೂ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಇದನ್ನು ರೋಗಿಗೆ ಸಮಾಧಾನದಿಂದ ತಿಳಿಸಬೇಕು, ಆದರೆ ಪಾವತಿ ಬರೆಯಬಾರದು.

ಉದ್ರಿ

ನಮ್ಮ ಕಡೆಯ ದವಾಖಾನೆಯ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಲ್ಲಿ ಹಣ ವರ್ಷವಿಡೀ ಒಂದೇ ಸಮನೆ ಓಡಾಡುವುದಿಲ್ಲ. ಅದು ಕಬ್ಬಿನ ಬಿಲ್ಲಿನ ಜೊತೆ ಬರುತ್ತದೆ. ಕಬ್ಬು ಕೊಟ್ಟ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ, ಅನೇಕ ಸಲ ಅದು ತಡವಾಗುತ್ತದೆ, ಆ ತಡ ದವಾಖಾನೆಯ ಉದ್ರಿ ಪುಸ್ತಕಕ್ಕೂ ಬಂದು ಮುಟ್ಟುತ್ತದೆ. ಆದ್ದರಿಂದ ಉದ್ರಿ ಕೊಡುವುದೇ ಇಲ್ಲ ಎಂಬ ಫಲಕ ಹಾಕುವುದಕ್ಕಿಂತ, ಕೊಟ್ಟ ಉದ್ರಿಯನ್ನು ಸರಿಯಾಗಿ ಬರೆದಿಡುವುದು ಹೆಚ್ಚು ಪ್ರಯೋಜನಕರ.

ಉದ್ರಿ ಪುಸ್ತಕದಲ್ಲಿ ಮನೆಗೊಂದು ಪುಟ ಇರಲಿ. ಬರೀ 'ಬಸಪ್ಪ, ಲೋಕಾಪುರ' ಎಂದರೆ ಯಾವ ಬಸಪ್ಪ ಎಂದು ಗೊತ್ತಾಗುವುದಿಲ್ಲ. ತಂದೆಯ ಹೆಸರು, ಅಡ್ಡಹೆಸರು, ಫೋನ್ ನಂಬರು, ಜೊತೆಗೆ ಬಂದು ಹೊಣೆ ಹೊತ್ತವರ ಹೆಸರು ಎಲ್ಲವನ್ನೂ ಬರೆಯಬೇಕು. ಚಿಕಿತ್ಸೆಯ ದಿನ ಬಿಲ್ಲು ಕೊಡಬೇಕು, ಪಾವತಿ ಕೊಡಬಾರದು. ಬಿಲ್ಲು ಎಂದರೆ ಬರಬೇಕಾದ ಹಣ, ಪಾವತಿ ಎಂದರೆ ಬಂದ ಹಣ. ಎರಡಕ್ಕೂ ಒಂದೇ ಪುಸ್ತಕ ಬಳಸುವ ದವಾಖಾನೆಯಲ್ಲಿ ಸಂಜೆಯ ಲೆಕ್ಕ ಎಂದಿಗೂ ಕೂಡುವುದಿಲ್ಲ. ಹಣ ಬಂದ ದಿನ ಹೊಸ ಪಾವತಿ ಬರೆದು, ಅದರ ಸಂಖ್ಯೆಯನ್ನು ಉದ್ರಿ ಪುಟದಲ್ಲಿ ನಮೂದಿಸಿ, ಕಿರ್ದಿಯಲ್ಲಿ 'ಹಳೆಯ ಉದ್ರಿ ವಸೂಲಿ' ಎಂದು ಜಮಾ ಮಾಡಬೇಕು. ಅರ್ಧ ಕೊಟ್ಟರೆ ಅರ್ಧಕ್ಕೇ ಪಾವತಿ.

ರಿಯಾಯಿತಿ ಮತ್ತು ಬಿಟ್ಟುಕೊಟ್ಟ ಬಾಕಿ ವೈದ್ಯರ ಸಹಿಯಿಂದ ಮಾತ್ರ ಆಗಬೇಕು. ಈ ಮಾತನ್ನು ಕೌಂಟರಿನವರ ಮೇಲಿನ ಅನುಮಾನದಿಂದ ಹೇಳುತ್ತಿಲ್ಲ. ಅವರ ರಕ್ಷಣೆಗಾಗಿಯೇ ಹೇಳುತ್ತಿದ್ದೇನೆ. ವಸೂಲಾದ ಹಣವನ್ನು ಕಿಸೆಗೆ ಹಾಕಿಕೊಂಡು 'ಸಾಹೇಬರು ಬಿಟ್ಟಾರ' ಎಂದು ಬರೆಯಲು ಅವಕಾಶವಿರುವ ಕಡೆ, ಪ್ರಾಮಾಣಿಕರೂ ಒಂದಲ್ಲ ಒಂದು ದಿನ ಅನುಮಾನಕ್ಕೆ ಗುರಿಯಾಗುತ್ತಾರೆ.

ತಿಂಗಳಿಗೊಮ್ಮೆ ಬಾಕಿಗಳನ್ನು ಹಳೆಯದು, ಹೊಸದು ಎಂದು ಬೇರ್ಪಡಿಸಿ ನೋಡಬೇಕು. ಒಂದು ಹಂಗಾಮು ದಾಟಿದ ಬಾಕಿಯ ಬಗ್ಗೆ ವೈದ್ಯರು ತೀರ್ಮಾನಿಸಬೇಕು. ಕೇಳುವಾಗ ನಾಲ್ಕು ಜನರ ಮುಂದೆ ಕೇಳದೆ, ಮುಂದಿನ ಭೇಟಿಯಲ್ಲಿ ಕೇಸ್ ಪೇಪರ್ ಕೊಡುವಾಗ ಮೆಲ್ಲಗೆ "ಕಾಕಾರ, ಕಬ್ಬಿನ ಬಿಲ್ ಆತೇನ್ರಿ? ಹೋದ ಸಲದ್ದು ಎಂಟನೂರು ಉಳದೈತ್ರಿ" ಎಂದರೆ ಸಾಕು.

ಖರ್ಚಿನ ಪೆಟ್ಟಿಗೆ

ಸಣ್ಣ ಖರ್ಚಿಗೆ ಬ್ಯಾಂಕಿನಿಂದ 3,000 ರೂಪಾಯಿ ತೆಗೆದು ಬೇರೆ ಡಬ್ಬಿಯಲ್ಲಿ ಇಡಬೇಕು. ಒಂದೊಂದು ಖರ್ಚಿಗೂ ಬಿಲ್ಲು, ಬಿಲ್ಲು ಸಿಗದಿದ್ದರೆ ವೋಚರ್. ಡಬ್ಬಿಯಲ್ಲಿರುವ ನಗದು ಮತ್ತು ವೋಚರುಗಳ ಮೊತ್ತ ಕೂಡಿದರೆ ಯಾವಾಗಲೂ 3,000 ಆಗಬೇಕು. ಹಣ ತಗ್ಗಿದಾಗ ವೋಚರಿನಷ್ಟೇ ಮೊತ್ತಕ್ಕೆ ಚೆಕ್ ಬರೆದು ತುಂಬಿಸಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ, ಹಾಗಾಗಿ ದೊಡ್ಡ ಬಿಲ್ಲುಗಳನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಿಂದಲೇ ತೀರಿಸಬೇಕು.

ಪಿಗ್ಮಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಸಂಜೆ ಪಿಗ್ಮಿ ಏಜೆಂಟರು ಬಂದಾಗ ಗಲ್ಲಾದಿಂದ 500 ರೂಪಾಯಿ ತೆಗೆದು ಕೊಡುವ ರೂಢಿ ಎಷ್ಟೋ ಕಡೆ ಇದೆ. ಅದು ದವಾಖಾನೆಯ ಖರ್ಚಲ್ಲ, ಉಳಿತಾಯ. ವೈದ್ಯರ ಸ್ವಂತ ಹೆಸರಿನ ಪಿಗ್ಮಿಯಾಗಿದ್ದರೆ 'ಮಾಲೀಕರ ಸ್ವಂತ ಖಾತೆ'ಗೆ ಬರೆಯಬೇಕು. ಮನೆಯ ಸಂತೆಗೆಂದು ವೈದ್ಯರೇ ಕೈಹಾಕಿ ತೆಗೆದ ಹಣಕ್ಕೂ ಇದೇ ಕ್ರಮ, ಮತ್ತು ಅವೆರಡೂ ಬ್ಯಾಂಕ್ ಖಾತೆಯಿಂದಲೇ ಹೋಗುವುದು ಎಲ್ಲಕ್ಕಿಂತ ಮೇಲು. ಇನ್ನೊಂದು ಮಾತು: ಬ್ಯಾಂಕಿನ ಠೇವಣಿಗೆ ಪ್ರತಿ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹೆಸರಿನಲ್ಲಿ ಸಹಕಾರಿ ಎಂದಿರುವುದೆಲ್ಲ ಬ್ಯಾಂಕಲ್ಲ ಎಂಬುದನ್ನು ನೆನಪಿಟ್ಟು ದವಾಖಾನೆಯ ಮುಖ್ಯ ಖಾತೆಯನ್ನು ಆರಿಸಬೇಕು.

ಸಂಜೆಯ ಎಣಿಕೆ

ಒಂದು ದಿನದ ಉದಾಹರಣೆ ನೋಡೋಣ. ಬೆಳಗಿನ ಚಿಲ್ಲರೆ 2,000 ರೂಪಾಯಿ. ಅಂದಿನ ಫೀ ನಗದಾಗಿ 9,650, ಹಳೆಯ ಉದ್ರಿ ವಸೂಲಿ ನಗದಾಗಿ 1,800, ಯುಪಿಐ 7,300. ಗಲ್ಲಾದಲ್ಲಿ 13,450 ರೂಪಾಯಿ ಇರಬೇಕು. ನೋಟುಗಳನ್ನು ಬೇರೆ ಮಾಡಿ ಎಣಿಸಿದಾಗ 500ರ 19, 200ರ 8, 100ರ 17, 50ರ 7, 20ರ 9, 10ರ 12 ಸಿಕ್ಕಿದರೆ ಮೊತ್ತ ಸರಿಯಾಗಿ 13,450. ಅದರಲ್ಲಿ 2,000 ರೂಪಾಯಿಯ ಚಿಲ್ಲರೆ ಉಳಿಸಿ, 11,450 ರೂಪಾಯಿಯನ್ನು ಲಕೋಟೆಗೆ ಹಾಕಿ, ಮೇಲೆ ತಾರೀಖು ಮತ್ತು ಆ ದಿನದ ಮೊದಲ ಹಾಗೂ ಕೊನೆಯ ಪಾವತಿ ಸಂಖ್ಯೆ ಬರೆದು ಬೀಗದೊಳಗೆ ಇಡಬೇಕು. ಯುಪಿಐ ಮೊತ್ತಕ್ಕೆ ಕಿರ್ದಿಯಲ್ಲಿ ಬೇರೆ ಕಾಲಂ ಇರಲಿ, ಏಕೆಂದರೆ ಅದು ಕೆಲವು ಖಾತೆಗಳಲ್ಲಿ ಮರುದಿನ ಒಟ್ಟುಗೂಡಿ ಜಮಾ ಆಗುತ್ತದೆ.

ಹಣ ಕಡಿಮೆ ಬಿದ್ದರೆ ಕಿಸೆಯಿಂದ ತುಂಬಬಾರದು, ಹೆಚ್ಚಾದರೆ ತೆಗೆದಿಟ್ಟುಕೊಳ್ಳಲೂಬಾರದು. ಎರಡನ್ನೂ ಹಾಗೆಯೇ ಬರೆಯಬೇಕು. ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಇದೆ: 540 ಎಂಬುದನ್ನು 450 ಎಂದು ಬರೆದರೆ 90 ರೂಪಾಯಿ ತಪ್ಪುತ್ತದೆ. ಮೊದಲು ಅದನ್ನು ಹುಡುಕಿ, ಆಮೇಲೆ ಬೇರೆ ಕಾರಣ ನೋಡಬೇಕು.

ಬ್ಯಾಂಕಿನ ಕೆಲಸ ಮತ್ತು ತಾಳೆ

ಲಕೋಟೆಯ ಹಣ ಮರುದಿನವೇ ಬ್ಯಾಂಕಿಗೆ ಹೋಗಬೇಕು. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆಯ ಹಿಂದಿನ ದಿನ ತಪ್ಪಿಸಬಾರದು; ತಪ್ಪಿದರೆ ಎರಡು ಲಕೋಟೆ ಮಾಡಿ ಎರಡು ಚಲನ್ ಬರೆಯಬೇಕೇ ಹೊರತು ದಿನಗಳನ್ನು ಕೂಡಿಸಬಾರದು. 1962ರ ನಿಯಮಗಳಂತೆ ಒಂದು ದಿನ 50,000 ರೂಪಾಯಿ ಮೀರಿ ನಗದು ಕಟ್ಟುವಾಗ ಪ್ಯಾನ್ ಬೇಕಿತ್ತು, ಈಗಿನ ಮಿತಿಯನ್ನು ಬ್ಯಾಂಕಿನಲ್ಲಿ ಕೇಳಬೇಕು. ಖೋಟಾ ನೋಟು ಸಿಕ್ಕರೆ ಬ್ಯಾಂಕು ಅದನ್ನು ಜಪ್ತಿ ಮಾಡಿ ರಶೀದಿ ಕೊಡುತ್ತದೆ, ಬೆಲೆ ಕೊಡುವುದಿಲ್ಲ. ಆ ಮೊತ್ತವನ್ನು ನಷ್ಟವೆಂದು ಬರೆದು ರಶೀದಿಯನ್ನು ಜೊತೆಗೆ ಅಂಟಿಸಬೇಕು. ಹೆರಿಗೆ, ಶಸ್ತ್ರಚಿಕಿತ್ಸೆಗಳನ್ನು ಮಾಡುವ ಕಡೆ, ಒಂದೇ ಚಿಕಿತ್ಸೆಗೆ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಕಂತು ಮಾಡಿದರೂ ವಿನಾಯಿತಿ ಇಲ್ಲ, ದಂಡ ಪಡೆದ ಮೊತ್ತದಷ್ಟೇ ಆಗಬಹುದು.

ಚೆಕ್ ಬಂದರೆ ತಾರೀಖು ಮೂರು ತಿಂಗಳೊಳಗಿನದೇ, ಅಂಕಿ ಮತ್ತು ಅಕ್ಷರ ಹೊಂದುತ್ತವೆಯೇ ನೋಡಿ, ಎಡಮೂಲೆಯಲ್ಲಿ ಎರಡು ಗೆರೆ ಎಳೆದು ಅಂದೇ ಹಾಕಬೇಕು. ಹಣವಿಲ್ಲದೆ ಮರಳಿದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನಗಳೊಳಗೆ ನೋಟಿಸು ಕೊಡಬೇಕು, ಕೊಟ್ಟವರಿಗೆ ತೀರಿಸಲು 15 ದಿನಗಳ ಕಾಲಾವಕಾಶ ಇರುತ್ತದೆ. ಕಿರ್ದಿಯಲ್ಲಿ ಜಮಾ ಮಾಡಿದ್ದನ್ನು ಅಳಿಸದೆ, ಅಷ್ಟೇ ಮೊತ್ತವನ್ನು ಖರ್ಚಿನ ಬದಿಗೆ ಎದುರು ನಮೂದಾಗಿ ಬರೆದು ಬಾಕಿಯನ್ನು ಮತ್ತೆ ಉದ್ರಿ ಪುಟಕ್ಕೆ ತರಬೇಕು.

ವಾರಕ್ಕೊಮ್ಮೆ, ಕನಿಷ್ಠ ತಿಂಗಳಿಗೊಮ್ಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ತಂದು ಕಿರ್ದಿಯ ಪಕ್ಕದಲ್ಲಿಟ್ಟು ಒಂದೊಂದೇ ಸಾಲಿಗೆ ಟಿಕ್ ಹಾಕಬೇಕು. ಉಳಿದುಕೊಂಡ ಸಾಲುಗಳೇ ಮಾತಾಡುವ ಸಾಲುಗಳು: ನಾವು ಕೊಟ್ಟರೂ ಅವರು ಇನ್ನೂ ಹಾಕದ ಚೆಕ್, ಬ್ಯಾಂಕು ಕಡಿದ ಶುಲ್ಕ, ವಿಮಾ ಕಂಪನಿಯಿಂದ ಬಂದ ಅರ್ಧಂಬರ್ಧ ಮೊತ್ತ. ವಿಮೆಯವರು 40,000 ರೂಪಾಯಿಯ ಬಿಲ್ಲಿಗೆ 36,000 ಕಳಿಸಿದರೆ, ಉಳಿದ 4,000 ರೂಪಾಯಿ 10 ಪ್ರತಿಶತ ಟಿಡಿಎಸ್ (ಹಣ ಕೊಡುವವರೇ ಮೊದಲು ಕಡಿದು ಸರಕಾರಕ್ಕೆ ಕಟ್ಟುವ ತೆರಿಗೆ) ಆಗಿರಬಹುದು. ಆಗ ಆದಾಯವನ್ನು 40,000 ಎಂದೇ ಬರೆದು, 4,000 ರೂಪಾಯಿಯನ್ನು ಟಿಡಿಎಸ್ ಖಾತೆಗೆ ಹಾಕಿ, ಅದು 26ಎಎಸ್ ನಮೂನೆಯಲ್ಲಿ (ನಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿಯಲ್ಲಿ) ಕಾಣುತ್ತದೆಯೇ ಎಂದು ನೋಡಬೇಕು. ಅಲ್ಲಿ ಕಾಣದಿದ್ದರೆ ಅದು ಟಿಡಿಎಸ್ ಅಲ್ಲ, ಕ್ಲೇಮಿನಲ್ಲಿ ಕಡಿದದ್ದು ಎಂದಾಗಬಹುದು. ಪತ್ರ ಬರೆದು ಕೇಳಬೇಕು.

ಈ ತಾಳೆಯನ್ನು ಹಣ ತೆಗೆದುಕೊಳ್ಳುವವರೇ ಮಾಡಬಾರದು. ವೈದ್ಯರಿಗೆ ಬಿಡುವಿಲ್ಲದಿದ್ದರೆ ಅವರ ಮನೆಯವರಾದರೂ ಕೂತು ನೋಡಬೇಕು, ಸ್ಟೇಟ್‌ಮೆಂಟ್ ನೇರವಾಗಿ ವೈದ್ಯರ ಇಮೇಲಿಗೇ ಬರಬೇಕು.

ವರ್ಷದ ಗಳಿಕೆ 50 ಲಕ್ಷದೊಳಗಿದ್ದು ಅರ್ಧವನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟುವ ವೈದ್ಯರು 'ನಮಗೆ ಪುಸ್ತಕ ಬೇಡ' ಎನ್ನುವುದುಂಟು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅಂಥ ಅನುಕೂಲ ಇತ್ತೆಂಬುದು ನಿಜ, ಆದರೆ ಗಳಿಕೆ ಎಷ್ಟೆಂದು ತಿಳಿಯಲಿಕ್ಕೇ ಕಿರ್ದಿ ಬೇಕು. ಆ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ (ಜಾರಿ 2026ರ ಏಪ್ರಿಲ್ 1ರಿಂದ) ಬಂದಿರುವುದರಿಂದ ಕಲಂ ಮತ್ತು ನಮೂನೆಗಳ ಸಂಖ್ಯೆಯನ್ನು ಲೆಕ್ಕಪರಿಶೋಧಕರಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. 6ಎಫ್ ನಿಯಮದಂತೆ ಪುಸ್ತಕಗಳನ್ನು ಸಂಬಂಧಿಸಿದ ಕರನಿರ್ಧಾರ ವರ್ಷ ಮುಗಿದ ಮೇಲೆ ಆರು ವರ್ಷ ಇಡಬೇಕಿತ್ತು. ಕಾರ್ಡ್ ಮಷೀನಿನ ಚೀಟಿಗಳ ಅಕ್ಷರ ಕೆಲವೇ ತಿಂಗಳುಗಳಲ್ಲಿ ಮಾಸಿಹೋಗುವುದರಿಂದ ಅವುಗಳ ಝೆರಾಕ್ಸ್ ತೆಗೆದು ಚಲನಿನ ಜೊತೆ ಪಿನ್ ಮಾಡಬೇಕು. ಔಷಧಿಗಳ ದಾಸ್ತಾನು ಪಟ್ಟಿಯನ್ನು ವರ್ಷದ ಮೊದಲ ಮತ್ತು ಕೊನೆಯ ದಿನ ಮಾಡಬೇಕೆಂದೂ 6ಎಫ್ ನಿಯಮ ಹೇಳಿತ್ತು. ಮಾರ್ಚ್ 31ರ ರಾತ್ರಿ ಕೊನೆಯ ರೋಗಿ ಹೋದ ಮೇಲೆ ಒಮ್ಮೆ ಎಣಿಸಿ ಸಹಿ ಹಾಕಿದರೆ, ಏಪ್ರಿಲ್ 1ರ ಬೆಳಗಿನ ಪಟ್ಟಿಗೂ ಅದೇ ಎಣಿಕೆ ನಡೆಯುತ್ತದೆ.