14 ಜಿಬಿ ನಾಟಕದ ವಿಡಿಯೋನ 2 ಜಿಬಿಗೆ ಇಳಿಸಿದ್ದು ಹೆಂಗೆ

ಗುಬ್ಬಿ ಕಡೆ ನಮ್ಮೂರಲ್ಲಿ ಪೌರಾಣಿಕ ನಾಟಕ ಅಂದ್ರೆ ರಾತ್ರಿ ಶುರುವಾಗಿ ಕೋಳಿ ಕೂಗೋವರ್ಗೂ ನಡೀತದೆ. ಈ ಸಲ ನಮ್ ಚಿಕ್ಕಪ್ಪಂದು ದುರ್ಯೋಧನನ ಪಾರ್ಟು, ಅವ್ರ ಸೀನ್ ಅಷ್ಟೇ 40 ನಿಮಿಷ ಫೋನಲ್ಲಿ 4ಕೆ ಇಟ್ಟು ಹಿಡ್ದೆ, ಬೆಳಗ್ಗೆ ನೋಡಿದ್ರೆ ಫೈಲು 14 ಜಿಬಿ! ನಮ್ಮೂರ ನೆಟ್ಟಲ್ಲಿ ಅದು ಯೂಟ್ಯೂಬಿಗೆ ಹತ್ತೋ ಹೊತ್ಗೆ ಮುಂದಿನ ವರ್ಷದ ನಾಟಕನೇ ಬಂದಿರುತ್ತೆ. ವಾಟ್ಸಾಪಲ್ಲಿ ವಿಡಿಯೋ ಅಂತ ಕಳ್ಸಿದ್ರೆ ಅದು ಅರೆದು ಚಟ್ನಿ ಮಾಡುತ್ತೆ, ಡಾಕ್ಯುಮೆಂಟ್ ಅಂತ ಕಳ್ಸೋಣ ಅಂದ್ರೆ 2 ಜಿಬಿ ಮೇಲೆ ತಗೊಳಲ್ಲ.

ಸೈಜ್ ಅನ್ನೋದು ಬಿಟ್‌ರೇಟು (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು) ಇಂಟು ಟೈಮು, ಅಷ್ಟೇ. ನನ್ ಫೋನು ಸೆಕೆಂಡಿಗೆ 48 ಮೆಗಾಬಿಟ್ ಬರೀತಿತ್ತು, 2400 ಸೆಕೆಂಡಿಗೆ ಗುಣಿಸಿ 8ರಿಂದ ಭಾಗಿಸಿ (8 ಬಿಟ್‌ಗೆ ಒಂದು ಬೈಟ್), 14,400 ಎಂಬಿ ಬರುತ್ತೆ. ಶೂಟ್ ಆಗ್ತಿರೋವಾಗ ಫೋನಿಗೆ ಅಚ್ಚುಕಟ್ಟಾಗಿ ಜೋಡ್ಸೋಕೆ ಪುರ್ಸೊತ್ತಿರಲ್ಲ, ಸಿಕ್ಕಿದ್ದೆಲ್ಲ ತುಂಬ್ಕೊಳುತ್ತೆ. ಅದನ್ನೇ ಕಂಪ್ಯೂಟ್ರು ನಿಧಾನಕ್ಕೆ ಮಡಚಿಟ್ರೆ ಕಮ್ಮಿ ಜಾಗದಲ್ಲಿ ಕೂರುತ್ತೆ. ಹಾಗಂತ ಕ್ವಾಲಿಟಿ ಒಂಚೂರೂ ಹೋಗಲ್ಲ ಅನ್ನೋದು ಸುಳ್ಳು, ಹೋಗುತ್ತೆ, ಕಣ್ಣಿಗೆ ಕಾಣದಷ್ಟು ಹೋಗೋ ಹಂಗೆ ನೋಡ್ಕೋಬೇಕು.

ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್ ಹಾಕೊಳಿ, ಪೂರ್ತಿ ಫ್ರೀ, ವಾಟರ್‌ಮಾರ್ಕ್ ಇಲ್ಲ. ಫೈಲ್ ಓಪನ್ ಮಾಡಿ ಪ್ರೀಸೆಟ್ಟಲ್ಲಿ, ಅಂದ್ರೆ ರೆಡಿ ಸೆಟ್ಟಿಂಗಲ್ಲಿ, ಫಾಸ್ಟ್ 1080ಪಿ30 ಆರಿಸ್ಕೊಳಿ. 4ಕೆ ಯಾಕ್ ಬಿಡ್ಬೇಕು ಅಂತೀರಾ, ರಾತ್ರಿ ಸ್ಟೇಜ್ ಲೈಟಲ್ಲಿ ಫೋನ್ ಹಿಡಿದ 4ಕೆನಲ್ಲಿ ಜಾಸ್ತಿ ಇರೋದು ಕಾಳುಕಾಳು ನಾಯ್ಸೇ, ನನ್ ಪ್ರಕಾರ ಅದನ್ನ ಉಳಿಸ್ಕೊಂಡು ಏನೂ ಪ್ರಯೋಜ್ನ ಇಲ್ಲ. ಹಗಲಲ್ಲಿ ತೆಗೆದಿದ್ದಾದ್ರೆ 4ಕೆ ಇಟ್ಕೊಳಿ.

ಇನ್ನು ಮುಖ್ಯವಾದ್ದು ವಿಡಿಯೋ ಟ್ಯಾಬು. ಎಲ್ರೂ ಇಷ್ಟೇ ಎಂಬಿ ಬರ್ಬೇಕು ಅಂತ ಬಿಟ್‌ರೇಟ್ ಟೈಪ್ ಮಾಡ್ತಾರೆ, ಅದು ಬೇಡ, ಕಾನ್‌ಸ್ಟೆಂಟ್ ಕ್ವಾಲಿಟಿ ಅಂತ ಒಂದು ಸ್ಲೈಡರ್ ಐತೆ ನೋಡಿ, ಆರ್‌ಎಫ್ ನಂಬರ್ರು, 1080ಪಿಗೆ 20ರಿಂದ 24ರ ಒಳಗೆ ಇಡಿ. ಇಲ್ಲಿ ಲೆಕ್ಕ ಉಲ್ಟಾ, ನಂಬರ್ ಇಳಿದಷ್ಟೂ ಕ್ವಾಲಿಟಿ ಏರುತ್ತೆ, ಸೈಜೂ ಏರುತ್ತೆ. ಸ್ಲೈಡರ್ ಯಾಕಪ್ಪಾ ಅಂದ್ರೆ, ಹಿಂದಿನ ಅರಮನೆ ಪರದೆ ಅಲ್ಲಾಡಲ್ಲ, ಅದನ್ನ ಒಂದ್ಸಲ ಬರ್ದು ಆಮೇಲೆ ಮೊದ್ಲಿನ ಹಂಗೇ ಅಂತ ಬಿಟ್ಬಿಡುತ್ತೆ, ಜರಿ ಡ್ರೆಸ್ಸು, ಕಿರೀಟ, ಬಣ್ಣದ ಲೈಟು ಇಂಥ ಕಡೆ ಬೇಕಾದಷ್ಟು ಬಿಟ್ಸ್ ಸುರಿಯುತ್ತೆ. ಫೋನ್ ಕೈಯಲ್ಲಿ ಹಿಡ್ದು ಅಲ್ಲಾಡ್ಸಿದ್ರೆ ಪರದೆನೂ ಅಲ್ಲಾಡಿದಂಗೇ ಲೆಕ್ಕ, ಅದಕ್ಕೇ ಟ್ರೈಪಾಡ್ ಇಟ್ರೆ ಸೈಜೂ ಇಳಿಯುತ್ತೆ.

ಎನ್‌ಕೋಡರ್ರು, ಅಂದ್ರೆ ವಿಡಿಯೋನ ಮಡಚೋ ವಿಧಾನ, ಎಕ್ಸ್264 ಇರಲಿ, ಎಲ್ಲಾ ಕಡೆ ಓಡುತ್ತೆ. ಎಕ್ಸ್265 ಇನ್ನೂ ಚಿಕ್ಕದು ಮಾಡುತ್ತೆ, ಆದ್ರೆ ಹಳೇ ಲ್ಯಾಪ್‌ಟಾಪಲ್ಲಿ ಜೀವ ತಿನ್ನುತ್ತೆ. ಎನ್‌ಕೋಡರ್ ಸ್ಪೀಡ್ ಸ್ಲೋ ಇಡಿ, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಸೇಮ್ ಆ್ಯಸ್ ಸೋರ್ಸ್, 30ರಲ್ಲಿ ತೆಗೆದಿದ್ದನ್ನ 60 ಮಾಡಿ ಏನೂ ಸಿಗಲ್ಲ. ಆಡಿಯೋ ಎಎಸಿ ಫಾರ್ಮ್ಯಾಟು, ಬಿಟ್‌ರೇಟ್ 160 ಕಿಲೋಬಿಟ್, ಹಾರ್ಮೋನಿಯಂಗೆ ಧಾರಾಳ.

ಪೂರ್ತಿ ಫೈಲ್ ಒಂದೇ ಸಲ ಹಾಕ್ಬೇಡಿ. ರೇಂಜ್ ಅನ್ನೋದ್ರಲ್ಲಿ ಸೆಕೆಂಡ್ಸ್ ಆರ್ಸಿ ಇರೋದ್ರಲ್ಲೇ ಕಷ್ಟದ ಒಂದು ನಿಮಿಷ ಮಾತ್ರ ಮಾಡಿ ನೋಡಿ, ನಾನು ಗದೆ ಬೀಸೋ ಜಾಗ ತಗೊಂಡೆ. ಆರ್‌ಎಫ್ 24ರಲ್ಲಿ ಕಪ್ಪು ಪರದೆ ಮೇಲೆ ಚೌಕ ಚೌಕ ಕಾಣ್ತು, 21ಕ್ಕೆ ತಂದೆ, ಹೋಯ್ತು. ಆಮೇಲೆ ರಾತ್ರಿ ಪೂರ್ತಿ ಫೈಲ್ ಹಾಕಿ, ಚಾರ್ಜರ್ ಸಿಕ್ಸಿ, ಕರೆಂಟ್ ಹೋದ್ರೂ ಬ್ಯಾಟ್ರಿ ಸ್ವಲ್ಪ ಎಳೆಯುತ್ತೆ ಅಂದ್ಕೊಂಡು ಮಲ್ಕೊಂಡೆ, ಬೆಳಗ್ಗೆ 2.1 ಜಿಬಿ.

ಒರಿಜಿನಲ್ ಅಳಿಸ್ಬೇಡಿ, ಯೂಟ್ಯೂಬ್ ನೀವು ಹಾಕಿದ್ದನ್ನ ತಾನೂ ಇನ್ನೊಂದ್ಸಲ ಕಂಪ್ರೆಸ್ ಮಾಡುತ್ತೆ, ಅದನ್ನ ಡೌನ್‌ಲೋಡ್ ಮಾಡಿ ಮತ್ತೆ ಕಂಪ್ರೆಸ್ ಮಾಡಿದ್ರೆ ಗಂಜಿನೇ. 15 ನಿಮಿಷ ಮೀರಿದ ವಿಡಿಯೋಗೆ ಮೊದ್ಲು ಫೋನ್ ನಂಬರ್ ವೆರಿಫೈ ಮಾಡಿರ್ಬೇಕು. ಹತ್ತಿದ ತಕ್ಷಣ ಮಸುಕಾಗಿ ಕಂಡ್ರೆ ಗಾಬರಿ ಬೇಡ, ಮೊದ್ಲು ಕಮ್ಮಿ ಕ್ವಾಲಿಟಿದು ಬಿಟ್ಟು ಎಚ್‌ಡಿ ಆಮೇಲೆ ಕೊಡುತ್ತೆ. ನಾನು ತಡ್ಕೊಳಕ್ಕಾಗ್ದೆ ಆಗ್ಲೇ ಲಿಂಕ್ ಕಳ್ಸಿ, "ಏನೋ ಇದು, ನನ್ ಮೀಸೆನೇ ಕಾಣ್ತಿಲ್ವಲ್ಲೋ" ಅಂತ ಚಿಕ್ಕಪ್ಪನ ಹತ್ರ ಬೈಸ್ಕೊಂಡೆ.