ಕ್ವಾಂಟಮ್ ಕ್ಯಾವಿಟಿ ಮಾಡುವುದು ಹೇಗೆ? ಮುಚ್ಚಳ ಬೇಡ, ಹೋಳು ಮಾಡಿ

ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಮೈಕ್ರೋವೇವ್ ಕ್ಯಾವಿಟಿ ಮಾಡಿಸುವುದನ್ನು ನೋಡಿದ್ದೇನೆ. ಬಹಳಷ್ಟು ಮಂದಿ ಎಡವುವುದು ಒಂದೇ ಕಡೆ: ಜೋಡಣೆಯ ಗೆರೆ.

ಕ್ಯಾವಿಟಿ ಎಂದರೆ ಲೋಹದೊಳಗಿನ ಖಾಲಿ ಜಾಗ. ಅಲ್ಲಿ ಮೈಕ್ರೋವೇವ್ ಅಲೆ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಉಳಿಯುತ್ತದೆ. ಒಳಗೆ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕ) ಇರುವ ಚಿಪ್ ಇಟ್ಟರೆ ಆ ಅಲೆಯಿಂದಲೇ ಅದರ ಸ್ಥಿತಿಯನ್ನು ಓದಬಹುದು. 2011ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಹೀಗೆ ಮಾಡಿ, ಕ್ಯೂಬಿಟ್‌ನ ಆಯಸ್ಸನ್ನು ಹತ್ತಾರು ಮೈಕ್ರೋಸೆಕೆಂಡಿಗೆ ಏರಿಸಿದರು.

ಮೊದಲು ಅಳತೆ. ಉದ್ದ, ಅಗಲ ಎರಡೂ 40 ಮಿ.ಮೀ. ಇರಲಿ, ಎತ್ತರ 12. ಮೊದಲ ಅನುರಣನ, ಅಂದರೆ ಅಲೆ ಒಳಗೆ ಜೋರಾಗಿ ನಿಲ್ಲುವ ಕಂಪನಾಂಕ, 5.3 ಗಿಗಾಹರ್ಟ್ಸ್‌ಗೆ ಬರುತ್ತದೆ, ಮುಂದಿನದು 8.4ಕ್ಕೆ.

ಲೋಹಕ್ಕೆ 6061 ಅಲ್ಯೂಮಿನಿಯಂ ಬ್ಲಾಕ್ ತನ್ನಿ. ನಮ್ಮೂರಲ್ಲಿ ಫೌಂಡ್ರಿಗಳು ಜಾಸ್ತಿ, ಎರಕದ ತುಂಡು ಸುಲಭವಾಗಿ ಸಿಗಬಹುದು. ಅದು ಬೇಡವೇ ಬೇಡ. ಎರಕದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ.

ಈಗ ಅಸಲಿ ಕೆಲಸ. ಹೆಚ್ಚಿನವರು ಡಬ್ಬಿ ಕೊರೆಸಿ ಮೇಲೊಂದು ಮುಚ್ಚಳ ಹಾಕಿಸುತ್ತಾರೆ. ಕೊರೆಯುವುದು ಸುಲಭ, ನಿಜ. ಆದರೆ ಮೇಲಿನ ಮುಖದಲ್ಲಿ ನಡುವಿನಿಂದ ಅಂಚಿಗೆ ಹರಿಯುವ ವಿದ್ಯುತ್ತು ಪಕ್ಕದ ಗೋಡೆಗಳಲ್ಲಿ ಕೆಳಗಿಳಿಯುತ್ತದೆ. ಮುಚ್ಚಳದ ಸಂದು ಸರಿಯಾಗಿ ಅದರ ದಾರಿಯಲ್ಲೇ ಕೂರುತ್ತದೆ. ಸ್ಕ್ರೂ ಎಷ್ಟು ಬಿಗಿದರೂ ಅಲ್ಲಿ ನಷ್ಟ ತಪ್ಪದು. ಹಾಗಾಗಿ ಅಡಿಕೆಯನ್ನು ಅಡಕತ್ತರಿಯಲ್ಲಿ ಹೋಳು ಮಾಡುವ ಹಾಗೆ, ಮೇಲಿಂದ ಕೆಳಗೆ ಸರಿಯಾಗಿ ನಡುವೆ ಸೀಳಿ. ಆ ಗೆರೆಯನ್ನು ವಿದ್ಯುತ್ತು ದಾಟುವುದೇ ಇಲ್ಲ, ಗೆರೆಯ ಉದ್ದಕ್ಕೆ ಹರಿಯುತ್ತದೆ ಅಷ್ಟೆ. ಕ್ಯೂಬಿಟ್ ಚಿಪ್ ಅನ್ನೂ ಎರಡು ಹೋಳುಗಳ ನಡುವೆ, ವಿದ್ಯುತ್ ಕ್ಷೇತ್ರ ಜೋರಾಗಿರುವ ಕಡೆಯೇ ಹಿಡಿಸಬಹುದು.

ಪ್ರತಿ ಹೋಳಿನಲ್ಲಿ 20 ಮಿ.ಮೀ. ಆಳದ ಗುಂಡಿ. 6 ಮಿ.ಮೀ. ಎಂಡ್ ಮಿಲ್ (ತಿರುಗುತ್ತಾ ಲೋಹ ಕೊರೆಯುವ ಉಪಕರಣ) ಹಾಕಿದರೆ ಮೂಲೆಗಳು ದುಂಡಾಗುತ್ತವೆ, ಅನುರಣನ ಸ್ವಲ್ಪ ಮೇಲೇರುತ್ತದೆ. ಡ್ರಾಯಿಂಗ್ ಕೊಡುವ ಮೊದಲೇ ಆ ದುಂಡನ್ನು ಸಿಮ್ಯುಲೇಷನ್‌ನಲ್ಲಿ ಸೇರಿಸಿ. ಓಪನ್‌ಇಎಂಎಸ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಕೂಡುವ ಮುಖಗಳನ್ನು ಎಮೆರಿ ಕಾಗದದಲ್ಲಿ ಉಜ್ಜಬೇಡಿ, ಅಂಚು ಮೊಂಡಾಗಿ ಸಂದು ಬಾಯಿ ಬಿಡುತ್ತದೆ. ಸಂದಿಗೆ ಸಿಲ್ವರ್ ಪೇಂಟ್ ಬಳಿಯುವ ಅಡ್ಡದಾರಿಯೂ ಬೇಡ. ಇಂಡಿಯಂ ಎಂಬ ಮೆತ್ತನೆ ಲೋಹದ ತೆಳ್ಳನೆ ತಂತಿ ಇಟ್ಟು ಬಿಗಿಯಿರಿ.

ಎಸ್‌ಎಂಎ ಕನೆಕ್ಟರ್ (ಮೈಕ್ರೋವೇವ್ ಕೇಬಲ್ ಜೋಡಿಸುವ ಕೊಂಡಿ) ಎರಡು, ಮೇಲಿನ ಮುಖದಲ್ಲಿ, ಹೋಳಿಗೊಂದು. ನಿಕಲ್ ಲೇಪನದ ಅಗ್ಗದ ಮಾಲು ಬೇಡ. ನಿಕಲ್ ಅಯಸ್ಕಾಂತೀಯ, ತಣಿದಾಗ ಪ್ರತಿರೋಧವಿಲ್ಲದೆ ವಿದ್ಯುತ್ತು ಹರಿಸುವ ಸೂಪರ್‌ಕಂಡಕ್ಟರ್‌ಗೆ ಆಗಿಬರುವುದಿಲ್ಲ. ಪಿನ್ ಉದ್ದವೇ ಇಟ್ಟು ಶುರು ಮಾಡಿ, ಅರ್ಧ ಅರ್ಧ ಮಿ.ಮೀ. ಕತ್ತರಿಸುತ್ತಾ ಬನ್ನಿ. ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗದು, ಅಲ್ವಾ? ಅನುರಣನದ ತುದಿ ಮೈನಸ್ 40 ಡೆಸಿಬಲ್ ಹತ್ತಿರ ಬಂದಾಗ ನಿಲ್ಲಿಸಿ. ಆಗ ಕಾಣುವ ಕ್ಯೂ (ಅಲೆ ನಷ್ಟವಾಗದೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಅಳತೆ) ಬಹುಪಾಲು ಕ್ಯಾವಿಟಿಯದ್ದೇ. 3 ಗಿಗಾಹರ್ಟ್ಸ್‌ವರೆಗಿನ ನ್ಯಾನೋವಿಎನ್‌ಎ (ಅನುರಣನ ಅಳೆಯುವ ಅಗ್ಗದ ಪುಟ್ಟ ಉಪಕರಣ) ಇದಕ್ಕೆ ಸಾಲದು.

ಕೋಣೆಯ ಬಿಸಿಯಲ್ಲಿ ಕ್ಯೂ ಕೆಲವು ಸಾವಿರ ಬಂದರೆ ಕೆಲಸ ಸರಿಯಾಗಿದೆ. ಅಲ್ಯೂಮಿನಿಯಂ ಸೂಪರ್‌ಕಂಡಕ್ಟರ್ ಆಗುವುದು 1.2 ಕೆಲ್ವಿನ್‌ಗಿಂತ ಕೆಳಗೆ. ಅದಕ್ಕೆ ಬೆಂಗಳೂರಿನ ಐಐಎಸ್‌ಸಿಯಂಥ ಕಡೆಯ ಡೈಲ್ಯೂಷನ್ ಫ್ರಿಜ್ (ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ತಣಿಸುವ ಯಂತ್ರ) ಬೇಕು. ಅಲ್ಲಿಗೆ ಕೊಡುವಾಗ ಒಂದು ಮಾತು ಬರೆದು ಕಳಿಸಿ: ತಣಿದಾಗ ಲೋಹ ಶೇ 0.4ರಷ್ಟು ಕುಗ್ಗುತ್ತದೆ, ಅನುರಣನವನ್ನು ಇಲ್ಲಿ ಅಳೆದದ್ದಕ್ಕಿಂತ ಸುಮಾರು 20 ಮೆಗಾಹರ್ಟ್ಸ್ ಮೇಲೆ ಹುಡುಕಬೇಕು.